ಡಿಸ್ಟಾರ್ಷನ್ ಒತ್ತಿದ ಕೂಡಲೇ ಬೇಸ್ ಮಾಯ! ಕ್ಲೀನ್, ಡಿಸ್ಟಾರ್ಷನ್ ಎರಡಕ್ಕೂ ಆಗುವ ರಿಗ್ ಹೇಗೆ ಕಟ್ಟುವುದು?

ಸುಂಟಿಕೊಪ್ಪ_ನಾಲ್ಕುತಂತಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ಜನರ ಬ್ಯಾಂಡ್. ಒಂದು ಗಿಟಾರ್, ಡ್ರಮ್ಸ್, ಬೇಸ್‌ಗೆ ನಾನು. ಪ್ರಾಕ್ಟೀಸ್ ಮಾವನ ಕಾಫಿ ಗೋಡೌನ್‌ನಲ್ಲಿ. ಮೂಟೆ ತುಂಬಿದ್ದಾಗ ಸೌಂಡ್ ಬಿಗಿಯಾಗಿರುತ್ತದೆ, ಎಲ್ಲ ಲಾರಿಗೆ ಲೋಡ್ ಆಗಿ ಹೋದ ಮೇಲೆ ಗೋಡೆಗಳು ಗುಂಯ್‌ಗುಡುತ್ತವೆ. ಅದಿರಲಿ, ನನ್ನ ಪ್ರಶ್ನೆ ಬೇರೆ.

ಗಿಟಾರಿನವನು ಸೋಲೋಗೆ ಹೋದ ಕೂಡಲೇ ಹಾಡು ಖಾಲಿ ಖಾಲಿ ಅನಿಸುತ್ತದೆ. ಬೇರೆ ಗಿಟಾರ್ ಇಲ್ಲ, ಆ ಜಾಗ ನಾನೇ ತುಂಬಬೇಕು. ಅದಕ್ಕೆ ಗೆಳೆಯನ ಹತ್ತಿರ ಒಂದು ಗಿಟಾರ್ ಡಿಸ್ಟಾರ್ಷನ್ ಪೆಡಲ್ (ಕಾಲಲ್ಲಿ ಒತ್ತಿದರೆ ಸದ್ದನ್ನು ಒರಟು ಮಾಡುವ ಪೆಟ್ಟಿಗೆ) ತಗೊಂಡೆ. ಮನೆಯಲ್ಲಿ ಒಬ್ಬನೇ ನುಡಿಸಿದಾಗ ಭಾರೀ ಖುಷಿಯಾಯಿತು. ಬ್ಯಾಂಡ್ ಜೊತೆ ಒತ್ತಿದರೆ ಕೆಳಗಿನ ಗುದ್ದು ಪೂರ್ತಿ ಹೋಗಿ, ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಝುಂಯ್ ಅನ್ನುವ ಸದ್ದು ಮಾತ್ರ ಉಳಿಯುತ್ತದೆ. ಹೊರಗೆ ಕಣದಲ್ಲಿ ಕಾಫಿ ಕೆದಕುತ್ತಿದ್ದ ಮಾವ ಒಳಗೆ ಬಂದು, "ನಡುವಲ್ಲಿ ನೀನು ಯಾಕೆ ನಿಲ್ಲಿಸಿಬಿಡುತ್ತೀ?" ಅಂತ ಕೇಳಿದರು. ನಾನು ನಿಲ್ಲಿಸಿಯೇ ಇರಲಿಲ್ಲ. ಪೆಡಲ್ ಒತ್ತಿದ್ದೆ ಅಷ್ಟೆ.

ಈಗ ಇರುವುದು ಒಂದು ಪ್ಯಾಸಿವ್ (ಒಳಗೆ ಬ್ಯಾಟರಿ ಇಲ್ಲದ) ನಾಲ್ಕು ತಂತಿ ಬೇಸ್, 12 ಇಂಚಿನ ಸ್ಪೀಕರ್ ಇರುವ 100 ವ್ಯಾಟ್ ಕಾಂಬೊ ಆಂಪ್, ಆ ಪೆಡಲ್, ಒಂದು ಅಡಾಪ್ಟರ್. ಕೊಯ್ಲಿನ ಕೆಲಸ ಮುಗಿದಿದೆ, ಕೈಯಲ್ಲಿ 30 ಸಾವಿರ ಇದೆ. ದಸರಾ ಹೊತ್ತಿಗೆ ರಿಗ್ (ಪೆಡಲ್, ಆಂಪ್ ಎಲ್ಲ ಸೇರಿದ ಸೆಟ್) ರೆಡಿ ಆಗಬೇಕು. ಕ್ಲೀನ್ ಕೂಡ ಚೆನ್ನಾಗಿರಬೇಕು, ನಮ್ಮ ಅರ್ಧ ಹಾಡುಗಳು ಕ್ಲೀನೇ.

ಇನ್ನೊಂದು. ಕಳೆದ ಪ್ರೋಗ್ರಾಮ್‌ನಲ್ಲಿ ಕೋರಸ್ ಹಾಡೋಣ ಅಂತ ಮೈಕ್‌ಗೆ ಬಾಯಿ ಕೊಟ್ಟರೆ ತುಟಿಗೆ ಚುರುಕ್ ಅಂತ ಶಾಕ್. ಇದು ಮಾಮೂಲಿಯಾ?

ಮಂಜಿನೂರು_ಬೇಸ್ (ಮಡಿಕೇರಿ):

ತಮ್ಮಾ, ನಿನ್ನ ಪೆಡಲ್ ಕೆಟ್ಟಿಲ್ಲ. ಅದನ್ನು ಗಿಟಾರಿಗೆ ಅಂತ ಮಾಡಿದ್ದಾರೆ, ಅದರ ಕೆಲಸ ಅದು ಮಾಡುತ್ತಿದೆ.

ಗಿಟಾರಿನ ದಪ್ಪ ಇ ತಂತಿ 82 ಹರ್ಟ್ಸ್. ನಮ್ಮ ಇ ತಂತಿ ಅದರ ಅರ್ಧ, 41 ಹರ್ಟ್ಸ್. ಗಿಟಾರ್ ಪೆಡಲ್ ಮಾಡುವವರು ಕೆಳಗಿನ ಸದ್ದು ಒಳಗೆ ಹೋಗಿ ಕೆಸರಾಗಬಾರದು ಅಂತ ಬೇಕೆಂದೇ ಅದನ್ನು ತಡೆಯುತ್ತಾರೆ. ಎಲ್ಲರೂ ಕಾಪಿ ಹೊಡೆಯುವ ಆ ಹಸಿರು ಟ್ಯೂಬ್ ಸ್ಕ್ರೀಮರ್ ಪೆಡಲ್ ಸರ್ಕ್ಯೂಟನ್ನೇ ನೋಡು. ಸುಮಾರು 720 ಹರ್ಟ್ಸ್‌ನಿಂದ ಕೆಳಕ್ಕೆ ಗೇನ್ (ಸಿಗ್ನಲನ್ನು ಎಷ್ಟು ಹಿಗ್ಗಿಸುತ್ತದೆ ಅನ್ನುವುದು) ಇಳಿಯುತ್ತಾ ಹೋಗುತ್ತದೆ. ನಿನ್ನ ಹೊಟ್ಟೆಪಾಡೆಲ್ಲ ಇರುವುದು ಅದರ ಕೆಳಗೆ.

ಹಾಗಂತ ಎಲ್ಲವನ್ನೂ ಡಿಸ್ಟಾರ್ಟ್ ಮಾಡುವ ಪೆಡಲ್ ತಂದರೂ ಸರಿ ಹೋಗುವುದಿಲ್ಲ. ಇದು ನನಗೆ ತಿಳಿಯಲು ತುಂಬಾ ಕಾಲ ಹಿಡಿಯಿತು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೆಡಲ್ ಮಾಡುವುದು ಅಲೆಯ ನೆತ್ತಿ ಕತ್ತರಿಸುವ ಕೆಲಸ. ಕೆಳಗಿನ ಸ್ವರದ ಅಲೆಯೇ ದೊಡ್ಡದು, ಮೇಲಿನ ಸಣ್ಣ ಅಲೆಗಳು ಅದರ ಬೆನ್ನ ಮೇಲೆ ಕೂತಿರುತ್ತವೆ. ದೊಡ್ಡ ಅಲೆ ಮೇಲೆದ್ದು ಕತ್ತರಿಗೆ ಸಿಕ್ಕಾಗ ಬೆನ್ನ ಮೇಲಿದ್ದದ್ದೂ ಜೊತೆಗೇ ಹೋಗುತ್ತದೆ. ಪಿಕ್ ಬಿದ್ದ ಟಕ್ ಹೋಯಿತು, ಕಿಕ್ ಡ್ರಮ್ ಜೊತೆ ಸೇರುವ ಗುದ್ದು ಹೋಯಿತು, ಉಳಿದದ್ದು ಬರೀ ಉಜ್ಜಾಟ.

ಹಾಗಾಗಿ ಸಿಗ್ನಲ್ ಎರಡು ದಾರಿ ಮಾಡು. ಒಂದರಲ್ಲಿ ಕೆಳಗಿನ ಸದ್ದು ಕ್ಲೀನ್ ಆಗಿಯೇ ಹೋಗಲಿ. ಇನ್ನೊಂದರಲ್ಲಿ ಕೆಳಗಿನದನ್ನು ಮೊದಲೇ ತೆಗೆದು, ಉಳಿದದ್ದನ್ನು ಮಾತ್ರ ಡಿಸ್ಟಾರ್ಟ್ ಮಾಡು. ಕೊನೆಗೆ ಎರಡನ್ನೂ ಸೇರಿಸು. ಮದುವೆಮನೆ ವಾಲಗ ಕೇಳಿದ್ದೀಯಲ್ಲ, ಊದುವವರು ಎಷ್ಟೇ ಜೋರಾಗಿ ಊದಿದರೂ ಬಡಿಯುವವರು ಬಡಿಯುತ್ತಲೇ ಇರುತ್ತಾರೆ, ಅದಕ್ಕೇ ಕಾಲು ತಾನಾಗಿ ಎದ್ದು ಕುಣಿಯುತ್ತದೆ. ನಿನ್ನ ಒಂದೇ ವಾದ್ಯದಲ್ಲಿ ಆ ಇಬ್ಬರೂ ಇರಬೇಕು.

ಇದು ಹಳೆಯ ಉಪಾಯ. ರಿಕನ್‌ಬ್ಯಾಕರ್ ಬೇಸ್‌ಗಳಲ್ಲಿ ಎರಡು ಪಿಕಪ್ಪನ್ನು (ತಂತಿಯ ಅದುರು ಹಿಡಿಯುವ ಭಾಗ) ಬೇರೆ ಬೇರೆ ಆಂಪ್‌ಗೆ ಕಳಿಸುವ ಸ್ಟೀರಿಯೊ ಜಾಕ್ ಇರುತ್ತಿತ್ತು. ಯೆಸ್ (Yes) ಬ್ಯಾಂಡಿನ ಬೇಸ್ ವಾದಕ ಕ್ರಿಸ್ ಸ್ಕ್ವೈರ್ ಹೆಸರು ಹೇಳಿದರೆ ಇವತ್ತಿಗೂ ಜನ ಆ ಬೇಸನ್ನೇ ನೆನೆಯುತ್ತಾರೆ.

ನಿನಗೆ ಬೇಕಾದದ್ದು ಬಾಸ್ (Boss) ಕಂಪನಿಯ ಎಲ್‌ಎಸ್-2 ಅನ್ನುವ ಲೈನ್ ಸೆಲೆಕ್ಟರ್. ಅದರಲ್ಲಿ ಎ, ಬಿ ಅಂತ ಎರಡು ಲೂಪ್ (ಪೆಡಲ್ ಸೇರಿಸುವ ದಾರಿ) ಇದೆ, ಎರಡಕ್ಕೂ ಬೇರೆ ಬೇರೆ ಲೆವೆಲ್. ಎರಡೂ ಕೂಡುವ ಮಿಕ್ಸ್ ಮೋಡ್‌ಗೆ ಹಾಕು. ಎ ಲೂಪ್‌ನಲ್ಲಿ ಒಂದು ಕಂಪ್ರೆಸರ್. ಬಿ ಲೂಪ್‌ನಲ್ಲಿ ಮೊದಲು ಇಕ್ಯೂ (ಕೆಳಗಿನ, ನಡುವಿನ, ಮೇಲಿನ ಸದ್ದನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಪೆಡಲ್), ಆಮೇಲೆ ಈಗಿರುವ ಡಿಸ್ಟಾರ್ಷನ್. ಬಾಸ್ ಜಿಇಬಿ-7 ಆದರೆ 50 ಮತ್ತು 120 ಹರ್ಟ್ಸ್ ಸ್ಲೈಡರ್ ಎರಡನ್ನೂ ಪೂರ್ತಿ ಕೆಳಗೆ ಎಳೆದುಬಿಡು. ಇಕ್ಯೂ ಡಿಸ್ಟಾರ್ಷನ್‌ಗಿಂತ ಮೊದಲೇ ಬರಬೇಕು, ನೆನಪಿರಲಿ. ಕತ್ತರಿಸಿ ಆದ ಮೇಲೆ ತೆಗೆದರೆ ಕೆಸರು ಕೆಸರಾಗಿಯೇ ಇರುತ್ತದೆ.

ಕಂಪ್ರೆಸರ್ ಯಾಕೆ ಅಂದರೆ, ಡಿಸ್ಟಾರ್ಷನ್ ಕಡೆಯದ್ದು ಮೆಲ್ಲಗೆ ನುಡಿಸಿದರೂ ಜೋರಾಗಿ ನುಡಿಸಿದರೂ ಹೆಚ್ಚುಕಮ್ಮಿ ಒಂದೇ ಎತ್ತರ. ಕ್ಲೀನ್ ಕಡೆಯದ್ದು ಬೆರಳಿನ ಜೊತೆ ಏರಿಳಿಯುತ್ತದೆ. ಅದನ್ನೂ ಹಿಡಿದಿಡದಿದ್ದರೆ ಒಂದೊಂದು ಸ್ವರಕ್ಕೆ ಒಂದೊಂದು ಬಣ್ಣ ಬರುತ್ತದೆ.

ಶಾಕ್ ವಿಷಯ ತಿಳಿದವರು ಹೇಳಲಿ. ಆದರೆ ಅದು ಮಾಮೂಲಿ ಅಲ್ಲ.

ಗೋಣಿಕೊಪ್ಪ_ಸೌಂಡ್:

ನಾನು ಸೌಂಡ್ ಕೆಲಸ ಮಾಡುವವನು, ಬೇಸ್ ನುಡಿಸುವುದಿಲ್ಲ, ಮಿಕ್ಸರ್ ಹಿಂದೆ ನಿಂತು ಕೇಳುವವನು. ಮೊದಲು ಶಾಕ್.

ಇನ್ನೊಂದು ಪ್ರೋಗ್ರಾಮ್ ಮಾಡುವ ಮೊದಲು ಇದನ್ನು ಸರಿ ಮಾಡಿಕೊಳ್ಳಿ. ಬೇಸ್‌ನ ತಂತಿಗಳು ಬ್ರಿಡ್ಜ್ ಮೂಲಕ ಆಂಪ್‌ನ ಅರ್ಥ್‌ಗೆ ಸೇರಿರುತ್ತವೆ. ಮೈಕ್ ಮಿಕ್ಸರ್‌ನ ಅರ್ಥ್‌ಗೆ ಸೇರಿರುತ್ತದೆ. ನಿಮ್ಮ ಆಂಪ್‌ಗೆ ಅರ್ಥ್ ಎಲ್ಲೋ ತಪ್ಪಿದ್ದರೆ ಆ ಕರೆಂಟ್‌ಗೆ ದಾರಿ ನಿಮ್ಮ ಮೈ. ಕೈಯಲ್ಲಿ ತಂತಿ, ತುಟಿಯಲ್ಲಿ ಮೈಕ್. ನಮ್ಮೂರಿನ ಮಳೆಯಲ್ಲಿ ಒದ್ದೆ ನೆಲದ ಮೇಲೆ ನಿಂತಿರುತ್ತೀರಿ ಬೇರೆ. ಹಮ್ ಬರುತ್ತದೆ ಅಂತ ಕೆಲವರು ಪ್ಲಗ್‌ನ ಅರ್ಥ್ ಪಿನ್ ಮುರಿದುಬಿಡುತ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ, ಯಾರಾದರೂ ಮಾಡಿದ್ದರೆ ಆ ಪ್ಲಗ್ ಇವತ್ತೇ ಬದಲಿಸಿ. ಹಮ್ ಬಂದರೆ ಬೇಸ್ ಸಿಗ್ನಲನ್ನು ಮಿಕ್ಸರ್‌ಗೆ ಕಳಿಸುವ ಡಿಐ ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಅನ್ನುವ ಸ್ವಿಚ್ ಇದೆ, ಅದನ್ನು ಒತ್ತಿ. ಸ್ಟೇಜ್‌ನಲ್ಲಿ ಆಂಪ್‌ಗೂ ಮಿಕ್ಸರ್‌ಗೂ ಕರೆಂಟ್ ಒಂದೇ ಕಡೆಯಿಂದ ತಗೊಳ್ಳಿ. ಒಂದು ಜನರೇಟರ್‌ನಿಂದ, ಇನ್ನೊಂದು ಪಕ್ಕದ ಕಟ್ಟಡದಿಂದ ಅಂತ ಆಗಬಾರದು.

ಈಗ ರಿಗ್. ಮಂಜಿನೂರಿನ ಅಣ್ಣ ಹೇಳಿದ್ದು ಸರಿ, ಆದರೆ ಇಷ್ಟೆಲ್ಲ ಪೆಟ್ಟಿಗೆ ಬೇಕಾ ಅಂತ ನನ್ನ ಪ್ರಶ್ನೆ. ಹತ್ತು ನಿಮಿಷದಲ್ಲಿ ಒಂದು ತಂಡ ಇಳಿದು ಇನ್ನೊಂದು ಹತ್ತುವ ಸ್ಟೇಜ್‌ನಲ್ಲಿ ಎಂಟು ಪ್ಯಾಚ್ ಕೇಬಲ್ ಅಂದರೆ ಎಂಟು ತೊಂದರೆ. ಕ್ಲೀನ್ ಮತ್ತು ಡಿಸ್ಟಾರ್ಷನ್ ಬೆರೆಸುವ ಬ್ಲೆಂಡ್ ನಾಬ್ ಇರುವ ಒಂದೇ ಒಂದು ಬೇಸ್ ಪೆಡಲ್ ಸಾಕು. ಬಾಸ್ ಒಡಿಬಿ-3ರಲ್ಲಿ ಬ್ಯಾಲೆನ್ಸ್ ಅಂತ ಇದೆ. ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್‌ನಲ್ಲಿ ಬ್ಲೆಂಡ್ ಇದೆ, ಡಿಐ ಕೂಡ ಅದರಲ್ಲೇ ಇದೆ. ಅಷ್ಟು ದುಡ್ಡು ಬೇಡ ಅಂದರೆ ಬೆಹ್ರಿಂಜರ್ ಬಿಡಿಐ21, ಬ್ಲೆಂಡ್ ಮತ್ತು ಡಿಐ ಎರಡೂ ಉಂಟು. ಡಾರ್ಕ್‌ಗ್ಲಾಸ್ ಬಿ7ಕೆ ಆದರೆ ಕೆಳಗಿನ ಸದ್ದು ಎಷ್ಟು ಡಿಸ್ಟಾರ್ಷನ್‌ಗೆ ಹೋಗಬೇಕು ಅನ್ನುವುದಕ್ಕೇ ಗ್ರಂಟ್ ಅಂತ ಬೇರೆ ಸ್ವಿಚ್ ಇದೆ.

ಯಾವುದೇ ತಗೊಳ್ಳಿ, ಒಂದು ಮಾತು. ಗಿಟಾರ್ ಸ್ಪೀಕರ್ ಸುಮಾರು 5 ಕಿಲೊಹರ್ಟ್ಸ್ ದಾಟಿದ ಮೇಲೆ ಸದ್ದು ಬಿಡುವುದೇ ಕಡಿಮೆ. ಡಿಸ್ಟಾರ್ಷನ್ ಕಿವಿಗೆ ಹಿತವಾಗಿ ಕೇಳುವುದು ಅದರಿಂದಲೇ. ಜನರ ಕಡೆಗಿರುವ ನಮ್ಮ ಪಿಎ ಸ್ಪೀಕರ್ ಹಾಗಲ್ಲ, ಹಾರ್ನ್ ಇರುತ್ತದೆ, ಇದ್ದದ್ದನ್ನೆಲ್ಲ ಹೊರಗೆ ಹಾಕುತ್ತದೆ. ಡಿಸ್ಟಾರ್ಷನ್ ನೇರವಾಗಿ ಡಿಐಗೆ ಕೊಟ್ಟರೆ ಮುಂದೆ ಕೂತವರಿಗೆ ತಗಡು ಕೆರೆದ ಹಾಗೆ ಕೇಳುತ್ತದೆ. ಕ್ಯಾಬ್ ಸಿಮ್ಯುಲೇಷನ್ (ಸ್ಪೀಕರ್ ಪೆಟ್ಟಿಗೆಯ ಸದ್ದನ್ನು ಅನುಕರಿಸುವ ಸರ್ಕ್ಯೂಟ್) ಇರುವ ಪೆಡಲ್ ಹಾಕಿ, ಇಲ್ಲವಾದರೆ ಡಿಸ್ಟಾರ್ಷನ್ ದಾರಿಯಲ್ಲಿ ಮಾತ್ರ 4-5 ಕಿಲೊಹರ್ಟ್ಸ್ ಮೇಲಿನದನ್ನು ಕತ್ತರಿಸಿ. ಬೇಸ್ ಕ್ಯಾಬಿನೆಟ್‌ನಲ್ಲಿ ಟ್ವೀಟರ್ ಇದ್ದರೆ ಡಿಸ್ಟಾರ್ಷನ್ ಹಾಡುಗಳಿಗೆ ಅದನ್ನು ಇಳಿಸಿ.

ದಸರಾ ರಾತ್ರಿ ಮೆರವಣಿಗೆಯ ಮಂಟಪಗಳ ಸದ್ದು ಎಷ್ಟಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಅಷ್ಟರ ನಡುವೆ ನಿಮ್ಮ 100 ವ್ಯಾಟ್ ಕಾಂಬೊ ನಿಮ್ಮ ಕಾಲಿಗೆ ಮಾತ್ರ ಕೇಳುತ್ತದೆ. ಅದನ್ನು ಮಾನಿಟರ್ ಅಂದುಕೊಳ್ಳಿ. ಜನರಿಗೆ ಕೇಳುವುದು ಡಿಐ ಮೂಲಕ ನಾವು ಕೊಡುವ ಸೌಂಡ್. ದುಡ್ಡು ಆ ಕಡೆಗೆ ಹಾಕಿ.

ಮಂಜಿನೂರು_ಬೇಸ್ (ಮಡಿಕೇರಿ):

ಡಿಐ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಬ್ಲೆಂಡ್ ನಾಬ್ ಬೇರೆ, ಕತ್ತರಿಸಿ ಎರಡು ದಾರಿ ಮಾಡುವುದು ಬೇರೆ. ಬ್ಲೆಂಡ್‌ನಲ್ಲಿ ಪೂರ್ತಿ ಕ್ಲೀನ್ ಜೊತೆಗೆ ಡಿಸ್ಟಾರ್ಷನ್ ಸೇರುತ್ತದೆ, ಹಾಗಾಗಿ ನಡುವಿನ ಸದ್ದು ಎರಡೆರಡು ಸಲ ಬಂದು ಎರಡು ಬೇಸ್ ಒಟ್ಟಿಗೆ ನುಡಿದ ಹಾಗೆ ಅನಿಸುತ್ತದೆ. ಗೇನ್ ಕಡಿಮೆ ಇದ್ದಾಗ ಗೊತ್ತಾಗುವುದಿಲ್ಲ. ಜಾಸ್ತಿ ಮಾಡಿದಾಗ ಗೊತ್ತಾಗುತ್ತದೆ. ಇವನು ಒಂದು ಗಿಟಾರಿನ ಜಾಗ ತುಂಬಬೇಕು, ಗೇನ್ ಜಾಸ್ತಿಯೇ ಬೇಕು. ಅದಕ್ಕೇ ಎರಡು ದಾರಿ ಅಂದೆ.

ಸುಂಟಿಕೊಪ್ಪ_ನಾಲ್ಕುತಂತಿ:

ಗೋಣಿಕೊಪ್ಪದ ಅಣ್ಣಾ, ತುಂಬಾ ಥ್ಯಾಂಕ್ಸ್. ರಾತ್ರಿಯೇ ನಮ್ಮ ಎಕ್ಸ್‌ಟೆನ್ಷನ್ ಬೋರ್ಡ್ ಬಿಚ್ಚಿ ನೋಡಿದೆ. ಹಸಿರು ವೈರ್ ಒಳಗೆ ಸ್ಕ್ರೂಗೆ ಸೇರಿಸಿಯೇ ಇರಲಿಲ್ಲ. ತುದಿಗೆ ಟೇಪ್ ಸುತ್ತಿ ಮಡಿಸಿ ಇಟ್ಟಿದ್ದರು. ಇಷ್ಟು ದಿನ ಆ ಬೋರ್ಡ್‌ನಲ್ಲೇ ನುಡಿಸುತ್ತಿದ್ದೆ ಅಂತ ನೆನೆದರೆ ಕೈ ನಡುಗುತ್ತದೆ. ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ಬದಲಿಸಿ, ಗೋಡೌನ್‌ನ ಅರ್ಥಿಂಗ್ ಕೂಡ ನೋಡಿ ಹೋದರು.

ಎರಡು ದಾರಿಯದ್ದು ಖರ್ಚಿಲ್ಲದೆ ಒಮ್ಮೆ ಕೇಳಿ ನೋಡಬೇಕು ಅಂತ ಆಸೆ. ಗಿಟಾರಿನವನ ಸಣ್ಣ ಆಂಪ್ ಇದೆ. ವೈ ಕೇಬಲ್ ಹಾಕಿ ಒಂದು ಕಡೆ ನನ್ನ ಆಂಪ್, ಇನ್ನೊಂದು ಕಡೆ ಪೆಡಲ್ ಮತ್ತು ಅವನ ಆಂಪ್ ಮಾಡಬಹುದಾ?

ಕುಶಾಲನಗರ_ಬೆಸುಗೆ:

ಮಾಡಬಹುದು, ಆದರೆ ಎರಡು ಮೂರು ವಿಷಯ ಇದೆ.

ನಿಮ್ಮ ಬೇಸ್ ಪ್ಯಾಸಿವ್. ವೈ ಕೇಬಲ್‌ನಲ್ಲಿ ಎರಡು ಇನ್‌ಪುಟ್‌ಗಳ ಭಾರ ಒಟ್ಟಿಗೆ ಪಿಕಪ್ ಮೇಲೆ ಬೀಳುತ್ತದೆ. ಪೆಡಲ್ ಹಳೇ ಫಝ್ ತರಹದ್ದಾದರೆ ಕ್ಲೀನ್ ಕಡೆಯೂ ಮಂಕಾಗುತ್ತದೆ. ಮುಂದೆ ಒಂದು ಬಫರ್ (ಆ ಭಾರ ಪಿಕಪ್ ಮೇಲೆ ಬೀಳದಂತೆ ತಡೆಯುವ ಸರ್ಕ್ಯೂಟ್) ಬೇಕು. ಆಫ್ ಇದ್ದಾಗಲೂ ಒಳಗಿನ ಬಫರ್ ಮೂಲಕವೇ ಸಿಗ್ನಲ್ ಹೋಗುವ (ಬಫರ್ಡ್ ಬೈಪಾಸ್) ಯಾವುದಾದರೂ ಪೆಡಲ್ ಇದ್ದರೆ ಆಫ್ ಮಾಡಿಯೇ ಮುಂದೆ ಇಡಿ, ಅದೇ ಬಫರ್ ಕೆಲಸ ಮಾಡುತ್ತದೆ. ಬಾಸ್‌ನ ಟ್ಯೂನರ್ ಆದರೂ ಆಗುತ್ತದೆ. ಎಲ್‌ಎಸ್-2 ತಂದರೆ ಈ ಚಿಂತೆಯೇ ಇಲ್ಲ.

ಗಿಟಾರ್ ಆಂಪ್‌ಗೆ ಕೆಳಗಿನ ಸದ್ದು ಕಳಿಸಲೇಬೇಡಿ. ಅದರ ಕೋನ್ ಅಷ್ಟು ದೂರ ಓಡಾಡಲು ಮಾಡಿದ್ದಲ್ಲ, ಹರಿದುಹೋದರೆ ಗಿಟಾರಿನವನಿಗೆ ಏನು ಹೇಳುತ್ತೀರಿ? ಆಂಪ್‌ನ ಬೇಸ್ ನಾಬ್ ಸೊನ್ನೆಗೆ ಇಳಿಸಿ, ಮುಂದೆ ಇಕ್ಯೂ ಇದ್ದರೆ ಅಲ್ಲೂ ಇಳಿಸಿ.

ಇನ್ನು ಫೇಸ್. ತುಂಬಾ ಜನ ಇಲ್ಲೇ ಸೋತು, ಎರಡು ದಾರಿ ಕೆಲಸಕ್ಕೆ ಬರುವುದಿಲ್ಲ ಅಂತ ಬಿಟ್ಟುಬಿಡುತ್ತಾರೆ. ಕೆಲವು ಪೆಡಲ್ ಮತ್ತು ಆಂಪ್ ಸಿಗ್ನಲನ್ನು ತಲೆಕೆಳಗು ಮಾಡಿ ಹೊರಗೆ ಬಿಡುತ್ತವೆ. ಒಂದೇ ಕೇಳುತ್ತಿದ್ದರೆ ಗೊತ್ತಾಗುವುದಿಲ್ಲ. ಎರಡೂ ಸೇರಿದಾಗ ಒಂದು ಮುಂದೆ ತಳ್ಳುತ್ತಿರುತ್ತದೆ, ಇನ್ನೊಂದು ಹಿಂದೆ ಎಳೆಯುತ್ತಿರುತ್ತದೆ, ಸದ್ದು ಸಾಯುತ್ತದೆ. ಪರೀಕ್ಷೆ ಸುಲಭ. ಎ ತಂತಿಯ ಏಳನೇ ಫ್ರೆಟ್‌ನಲ್ಲಿ ಒಂದು ಸ್ವರ ಹಿಡಿಯಿರಿ. ಕ್ಲೀನ್ ಮಾತ್ರ ಕೇಳಿ, ಆಮೇಲೆ ಎರಡೂ ಸೇರಿಸಿ ಕೇಳಿ. ಎರಡನೇ ಸಲ ಹೊಟ್ಟೆ ತುಂಬಬೇಕು. ತೆಳ್ಳಗಾಯಿತು ಅಂದರೆ ಒಂದು ಕಡೆಯನ್ನು ತಿರುಗಿಸಬೇಕು. ಫೇಸ್ ಸ್ವಿಚ್ ಇಲ್ಲದಿದ್ದರೆ, ಕ್ಯಾಬಿನೆಟ್ ಬಿಚ್ಚಿ ಸ್ಪೀಕರ್‌ಗೆ ಹೋಗುವ ಪ್ಲಸ್ ಮೈನಸ್ ವೈರ್ ಅದಲುಬದಲು ಮಾಡಿ ನೋಡಬಹುದು, ಆಂಪ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲೆ. ಆದರೆ ಇದು ಎರಡು ಆಂಪ್ ಇದ್ದಾಗ ಮಾತ್ರ.

ಕ್ರಾಸ್‌ಓವರ್ (ಸದ್ದನ್ನು ಕೆಳಗಿನದು, ಮೇಲಿನದು ಅಂತ ಎರಡು ದಾರಿಗೆ ಬೇರ್ಪಡಿಸುವ ಸರ್ಕ್ಯೂಟ್) ನೀವೇ ಬೆಸುಗೆ ಹಾಕಿ ಮಾಡುವವರಿದ್ದರೆ ಇದೂ ಗೊತ್ತಿರಲಿ. ಆಕ್ಟೇವ್‌ಗೆ 12 ಡೆಸಿಬೆಲ್ ಇಳಿಯುವ ಫಿಲ್ಟರ್ ಜೋಡಿ ಹಾಕಿದರೆ ಕತ್ತರಿಸಿದ ಜಾಗದಲ್ಲಿ ಎರಡೂ ಕಡೆಯವು 180 ಡಿಗ್ರಿ ಎದುರುಬದರಾಗಿ ನಿಲ್ಲುತ್ತವೆ. ಒಂದನ್ನು ತಿರುಗಿಸಲೇಬೇಕು. 24 ಡೆಸಿಬೆಲ್‌ನ ಲಿಂಕ್‌ವಿಟ್ಸ್-ರೈಲಿ ಅನ್ನುವ ಮಾದರಿಯ ಫಿಲ್ಟರ್ ಆದರೆ ತಿರುಗಿಸುವುದು ಬೇಡ. ನಾನು ಮೊದಲನೇ ಸಲ ಮಾಡಿದಾಗ ಇದು ತಿಳಿಯದೆ ಎರಡು ದಿನ ಬೋರ್ಡ್ ಮೇಲೆ ತಪ್ಪು ಹುಡುಕಿದ್ದೆ. ಬೋರ್ಡ್ ಸರಿಯಾಗೇ ಇತ್ತು.

ಪವರ್ ಕೂಡ ನೋಡಿಕೊಳ್ಳಿ. ಒಂದೇ ಅಡಾಪ್ಟರ್‌ನಿಂದ ಸರಪಳಿ ಹಾಕಿ ನಾಲ್ಕು ಪೆಡಲ್‌ಗೆ ಕೊಟ್ಟರೆ, ಅದರಲ್ಲಿ ಒಂದು ಡಿಜಿಟಲ್ ಇದ್ದರೆ ಕೀಂಯ್ ಅನ್ನುವ ಸದ್ದು ಗ್ಯಾರಂಟಿ. ಪ್ರತಿ ಔಟ್‌ಪುಟ್ ಬೇರೆ ಬೇರೆ ಇರುವ ಐಸೋಲೇಟೆಡ್ ಸಪ್ಲೈ ತಗೊಳ್ಳಿ. 9 ವೋಲ್ಟ್, ನಡುವಿನ ಪಿನ್ ಮೈನಸ್. ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್ ಆದರೆ ಕರೆಂಟ್ ಹೋದಾಗೆಲ್ಲ ಬುರ್ರ್ ಅನ್ನುತ್ತದೆ. ಪೆಡಲ್ ಮೇಲೆ ಅನುಮಾನ ಪಡುವ ಮೊದಲು ಲೈನ್ ಕರೆಂಟ್‌ನಲ್ಲಿ ಒಮ್ಮೆ ಕೇಳಿ.

ನಾಪೋಕ್ಲು_ಐದುತಂತಿ:

ನನ್ನದು ಮಳೆಗಾಲದ ಮಾತು. ಜೂನ್ ಬಂದರೆ ನಮ್ಮಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಇನ್ನು ಪೆಡಲ್ ಕೇಳಬೇಕಾ? ಎರಡು ದಾರಿ ಅಂದರೆ ಜಾಕ್‌ಗಳು ಜಾಸ್ತಿ, ಪ್ರತಿಯೊಂದಕ್ಕೂ ಕಿಲುಬು ಹತ್ತುತ್ತದೆ. ಆಗಸ್ಟ್‌ನಲ್ಲಿ ಒಂದು ದಾರಿ ಪೂರ್ತಿ ಸತ್ತುಹೋಗಿ ನಾನು ಪೆಡಲ್ ರಿಪೇರಿಗೆ ಕಳಿಸಿದ್ದೆ, ಕೊನೆಗೆ ನೋಡಿದರೆ ಒಂದು ಪ್ಯಾಚ್ ಕೇಬಲ್‌ನ ತುದಿ ಹಸಿರಾಗಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಒಂದು ಡಬ್ಬಿ ಇಟ್ಟುಕೊಳ್ಳಿ. ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಪೆಡಲ್‌ಗಳು ಇರಲಿ. ಬಣ್ಣ ಬದಲಾಗುವ ಜೆಲ್ ತಂದರೆ ಯಾವಾಗ ಒಣಗಿಸಬೇಕು ಅಂತ ಗೊತ್ತಾಗುತ್ತದೆ.

ಬೇಸನ್ನು ಒಲೆ ಹತ್ತಿರವೋ ಬಲ್ಬಿನ ಪಕ್ಕವೋ ಒಣಗಲು ಇಡಬೇಡಿ. ಮರ ಒಂದೇ ಸಲ ಒಣಗಿದರೆ ಬಿರುಕು ಬಿಡುತ್ತದೆ. ತೇವಕ್ಕೆ ನೆಕ್ ಅಲುಗಿದರೆ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ, ಒಂದು ರಾತ್ರಿ ಬಿಟ್ಟು ನೋಡಿ.

ಸುಂಟಿಕೊಪ್ಪ_ನಾಲ್ಕುತಂತಿ:

ಭಾನುವಾರ ಮಾಡಿ ನೋಡಿದೆವು. ಮುಂದೆ ಟ್ಯೂನರ್, ಆಮೇಲೆ ವೈ ಕೇಬಲ್. ನನ್ನ ಕಾಂಬೊದಲ್ಲಿ ಕ್ಲೀನ್, ಟ್ರೆಬಲ್ ಪೂರ್ತಿ ಇಳಿಸಿ. ಅವನ ಗಿಟಾರ್ ಆಂಪ್‌ನಲ್ಲಿ ಡಿಸ್ಟಾರ್ಷನ್, ಬೇಸ್ ನಾಬ್ ಸೊನ್ನೆ. ಇಕ್ಯೂ ಇನ್ನೂ ತಂದಿಲ್ಲ, ಅದಕ್ಕೆ ಅವನ ಆಂಪ್ ಸಣ್ಣಗೆ ಇಟ್ಟು, ದಪ್ಪ ತಂತಿಯಲ್ಲಿ ಜೋರಾಗಿ ನುಡಿಸಲಿಲ್ಲ.

ಮೊದಲು ಸೇರಿಸಿದಾಗ ತೆಳ್ಳಗಾಯಿತು! ಬೆಸುಗೆ ಅಣ್ಣ ಹೇಳಿದ ಹಾಗೆಯೇ. ನನ್ನ ಕಾಂಬೊ ಹಿಂದಿನ ಪ್ಲೇಟ್ ಬಿಚ್ಚಿ ಸ್ಪೀಕರ್ ವೈರ್ ಅದಲುಬದಲು ಮಾಡಿದೆ. ಮತ್ತೆ ಅದೇ ಏಳನೇ ಫ್ರೆಟ್. ಈ ಸಲ ನೆಲದ ಹಲಗೆ ಮೂಲಕ ಸ್ವರ ಕಾಲಿಗೆ ಬಂತು, ಅದರ ಮೇಲೆ ಗರಗಸದ ಹಾಗೆ ಡಿಸ್ಟಾರ್ಷನ್, ಎರಡೂ ಒಂದೇ ವಾದ್ಯ. ಡ್ರಮ್ಸ್‌ನವನು ಕೋಲು ನಿಲ್ಲಿಸಿ ತಿರುಗಿ ನೋಡಿದ. ಗಿಟಾರ್ ಸೋಲೋ ಬಂದಾಗ ಹಾಡು ಎಲ್ಲೂ ಖಾಲಿ ಆಗಲಿಲ್ಲ.

ಒಬ್ಬನೇ ನುಡಿಸುವಾಗ ಡಿಸ್ಟಾರ್ಷನ್ ಒರಟು ಅನಿಸಿತು, ಕಡಿಮೆ ಮಾಡಿದೆ. ಬ್ಯಾಂಡ್ ಸೇರಿದ ಮೇಲೆ ಕೇಳಲೇ ಇಲ್ಲ, ಮತ್ತೆ ಜಾಸ್ತಿ ಮಾಡಬೇಕಾಯಿತು. ಇನ್ನು ಮೇಲೆ ಎಲ್ಲರೂ ನುಡಿಸುವಾಗಲೇ ಸೆಟ್ ಮಾಡುತ್ತೇನೆ.

ಎಲ್‌ಎಸ್-2, ಜಿಇಬಿ-7, ಐಸೋಲೇಟೆಡ್ ಸಪ್ಲೈ ಈ ತಿಂಗಳೇ ತರುತ್ತೇನೆ. ಕಂಪ್ರೆಸರ್ ಮತ್ತು ಕ್ಯಾಬ್ ಸಿಮ್ಯುಲೇಷನ್ ಇರುವ ಡಿಐ ಉಳಿದ ದುಡ್ಡು ನೋಡಿಕೊಂಡು. ಕೊನೆಯ ಪ್ರಶ್ನೆ: ಎರಡು ಹಾಡಿಗೆ ದಪ್ಪ ತಂತಿಯನ್ನು ಡಿಗೆ ಇಳಿಸುತ್ತೇನೆ. ಆಗ ಕತ್ತರಿಸುವ ಜಾಗ ಕೂಡ ಇಳಿಸಬೇಕಾ?

ಕುಶಾಲನಗರ_ಬೆಸುಗೆ:

ಬೇಡ. ತಂತಿ 41ರಿಂದ ಸುಮಾರು 37 ಹರ್ಟ್ಸ್‌ಗೆ ಇಳಿಯುತ್ತದೆ, ಅದು ಹೇಗೂ ಕ್ಲೀನ್ ಕಡೆಯೇ ಇರುತ್ತದೆ. ಗರಗಸ ಎಲ್ಲಿಂದ ಶುರು ಆಗಬೇಕು ಅನ್ನುವುದರ ಮೇಲೆ ಕತ್ತರಿಸುವ ಜಾಗ ನಿಂತಿದೆ, 250ರಿಂದ 300ರ ಸುತ್ತ ಇಟ್ಟು ಕಿವಿಯಲ್ಲಿ ಹುಡುಕಿ. ಅದಕ್ಕಿಂತ ತಂತಿ ಸಡಿಲವಾಗಿ ಫ್ರೆಟ್‌ಗೆ ಬಡಿಯುವುದು ನೋಡಿಕೊಳ್ಳಿ, ಆ ಟಪಟಪ ಡಿಸ್ಟಾರ್ಷನ್ ದಾರಿಯಲ್ಲಿ ದೊಡ್ಡದಾಗಿ ಕೇಳುತ್ತದೆ. 105ರ (0.105 ಇಂಚು ದಪ್ಪದ) ತಂತಿ ಇದ್ದರೆ ಅದಕ್ಕಿಂತ ದಪ್ಪದ 110 ಹಾಕಿ ನೋಡಿ. ಮತ್ತೆ, ಆ ಕಾಂಬೊದ ಸ್ಪೀಕರ್ ವೈರ್ ಅದಲುಬದಲು ಮಾಡಿದ್ದೀರಲ್ಲ, ಎಲ್‌ಎಸ್-2 ಬಂದು ಒಂದೇ ಆಂಪ್‌ನಲ್ಲಿ ನುಡಿಸುವಾಗ ಅದು ಲೆಕ್ಕಕ್ಕೆ ಬರುವುದಿಲ್ಲ. ಫೇಸ್ ಪರೀಕ್ಷೆ ಹೊಸದಾಗಿ ಮಾಡಿ.